ಮೂರನೆಯ ಮಹಡಿಯ ಕಡಲು

ಗಾಜಿನ ತೊಟ್ಟಿಯಲ್ಲಿ ಮೀನು ಕಂಡರೆ ಜನ ಮೀನು ನೋಡುತ್ತಾರೆ. ನಾನು ಬಗ್ಗಿ ಪ್ಲಗ್ಗು ನೋಡುತ್ತೇನೆ. ಕಳೆದ ತಿಂಗಳು ಅಹಮದಾಬಾದಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಹೋಗಿದ್ದೆವು. ಇಳಿದುಕೊಂಡ ಹೋಟೆಲಿನ ಲಾಬಿಯಲ್ಲಿ ಸಮುದ್ರದ ಮೀನುಗಳ ದೊಡ್ಡ ತೊಟ್ಟಿಯೊಂದಿತ್ತು. ಮೊಮ್ಮಕ್ಕಳನ್ನು ಎತ್ತಿಕೊಂಡವರು, ಫೋಟೋ ತೆಗೆಯುವವರು ಎಲ್ಲರೂ ಅದರ ಮುಂದೆ ನಿಂತಿದ್ದರೆ, ನಾನು ರೇಷ್ಮೆ ಸೀರೆಯಲ್ಲೇ ಮಂಡಿಯೂರಿ ಕೆಳಗಿನ ಕಪಾಟಿನ ಬಾಗಿಲು ತೆರೆದೆ. ಕಾವಲಿನವನು ಓಡಿ ಬಂದು, "ಆಂಟೀಜೀ, ಕುಛ್ ಗಿರ್ ಗಯಾ?" ಎಂದು ಕೇಳಿದ. ಏನೂ ಬಿದ್ದಿಲ್ಲ ಎಂದು ಎದ್ದೆ. ಆದರೆ ಅಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿದಾಗಿತ್ತು. ಉಪ್ಪುನೀರಿನ ಹಸಿ ವಾಸನೆಯೂ ಬಿಸಿಯಾದ ಟ್ಯೂಬ್‌ಲೈಟಿನ ಚೋಕಿನ ವಾಸನೆಯೂ ಸೇರಿದರೆ ಬರುವಂಥದು ಅದು. ನನ್ನ ಗಂಡ ದೂರದಿಂದಲೇ ನೋಡಿ, "ರಾಘಣ್ಣನ ಮನೀ ನೆನಪಾತೇನು?" ಎಂದರು. ಆಗಿತ್ತು.

ತೊಂಬತ್ತರ ದಶಕದ ಮಾತು. ನಾವು ಧಾರವಾಡದ ಕಡೆಯವರು. ವಿಮಾ ಕಚೇರಿಯಲ್ಲಿದ್ದ ನನ್ನ ಗಂಡನಿಗೆ ವಡೋದರಾಕ್ಕೆ ವರ್ಗವಾಗಿತ್ತು. ಇಂಜಿನಿಯರಿಂಗ್ ಓದಿದ ಹೆಂಡತಿ ಮನೆಯಲ್ಲಿ ಕೂತು ಅವರ ತಲೆ ತಿನ್ನುವುದಕ್ಕಿಂತ ಮೇಲೆಂದು ನಾನು ಅಲ್ಲಿನ ಮಕರಪುರದ ಒಂದು ಸಣ್ಣ ಕಾರ್ಖಾನೆಗೆ ಸೇರಿದೆ. ಅಲ್ಲಿ ವಿದ್ಯುತ್ ಪ್ಯಾನೆಲ್‌ಗಳನ್ನು ಮಾಡುತ್ತಿದ್ದರು. ಅವು ಹೊರಗೆ ಹೋಗುವ ಮುನ್ನ ಪರೀಕ್ಷೆ ಮಾಡಿ, ಎಲ್ಲಿ ಕರೆಂಟು ಸೋರುತ್ತದೆ, ಎಲ್ಲಿ ಅರ್ಥಿಂಗ್ ಸರಿಯಿಲ್ಲ ಎಂದು ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪು ಹುಡುಕುವುದಕ್ಕೆ ಸಂಬಳ ಬೇರೆ ಕೊಡುತ್ತಾರಲ್ಲ ಎಂದು ನನ್ನ ಗಂಡ ಎಲ್ಲರ ಮುಂದೆ ಹೇಳಿ ನಗುತ್ತಿದ್ದರು. ಹಾಗೆ ಹೇಳಿ ನಕ್ಕ ಜಾಗಗಳಲ್ಲಿ ರಾಘಣ್ಣನ ಹೋಟೆಲೂ ಒಂದು.

ರಾಘಣ್ಣ ಕುಂದಾಪುರದ ಕಡೆಯವರು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಅವರ ಇಡ್ಲಿ ದೋಸೆಯ ಹೋಟೆಲಿತ್ತು, ಹತ್ತಿರದಲ್ಲೇ ಒಂದು ವಸತಿ ಸೊಸೈಟಿಯ ಮೂರನೆಯ ಮಹಡಿಯಲ್ಲಿ ಮನೆ. ಕಚೇರಿಯ ಮೀಟಿಂಗಿಗೆ ಅಹಮದಾಬಾದಿಗೆ ಹೋದಾಗಲೆಲ್ಲ ನನ್ನ ಗಂಡ ಅಲ್ಲೇ ಊಟ ಮಾಡುತ್ತಿದ್ದರು. ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ರಾಘಣ್ಣ ನೇರವಾಗಿ ವಡೋದರಾದ ನಮ್ಮ ಮನೆಗೇ ಬಂದರು, ಕೈಯಲ್ಲಿ ಒಂದು ಡಬ್ಬಿ ಮೈಸೂರು ಪಾಕು.

"ಅಕ್ಕಾ, ನೀವ್ ಸ್ವಿಚ್ ಬೋರ್ಡಿನ ಡಾಕ್ಟ್ರಂಬ್ರಲೆ. ನಂಗೊಂದ್ ಉಪಕಾರ ಆಯ್ಕಿತ್ತ್," ಎಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ಅಕ್ಕ ಎಂದೇ ಕರೆಯುವುದು.

ಮನೆಯ ಮುಂದಿನ ಹಾಲ್‌ನಲ್ಲಿ ಕಡಲು ಮಾಡಬೇಕು ಎಂಬುದು ಅವರ ಯೋಚನೆ. ಕೆರೆಯ ಮೀನಲ್ಲ, ಬಂಗಾರದ ಮೀನಲ್ಲ. ಉಪ್ಪುನೀರು, ಬಂಡೆ, ಹೂವಿನಂತೆ ಎಸಳು ಬಿಚ್ಚುವ ಕಡಲ ಹೂ ಎಂಬ ಜೀವಿ, ಮೃದು ಹವಳ, ಅದರ ನಡುವೆ ಸುಳಿಯುವ ಕಿತ್ತಳೆ ಬಣ್ಣದ ಮೀನು. ಮುಂಬಯಿಯಲ್ಲಿ ಹೋಟೆಲು ನಡೆಸುವ ಸಂಬಂಧಿಯ ಮನೆಯಲ್ಲಿ ಅಂಥದನ್ನು ನೋಡಿ ಬಂದಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಹಾಗೆ, ತೊಟ್ಟಿಗೆ ಇನ್ನೂ ಗಾಜು ಕತ್ತರಿಸಿರಲಿಲ್ಲ, ಯಾವ ಮೀನು ಬೇಕೆಂದು ಅಂಗಡಿಯಲ್ಲಿ ಆಗಲೇ ಹೇಳಿ ಬಂದಿದ್ದರು.

"ಯಾರಿಗ್ರೀ ಇದೆಲ್ಲಾ?" ಎಂದು ಕೇಳಿದೆ.

"ಅಮ್ಮಂಗೆ," ಎಂದರು. ಹಿಂದಿನ ವರ್ಷ ಅವರ ತಂದೆ ತೀರಿಕೊಂಡಿದ್ದರು. ತಾಯಿ ಕಾವೇರಮ್ಮನನ್ನು ಊರಿನಿಂದ ಇಲ್ಲಿಗೆ ಕರೆತಂದಿದ್ದರು. ಊರಿನ ಮನೆಯ ಹಿತ್ತಲಿಗೆ ಅಲೆಯ ಸದ್ದು ಕೇಳುತ್ತಿತ್ತಂತೆ. ಇಲ್ಲಿ ಬಂದ ಮೇಲೆ ಅಮ್ಮ ದೂರು ಹೇಳಿದವರಲ್ಲ, ಆದರೆ ಎರಡು ತುತ್ತು ಉಂಡು ಎದ್ದುಬಿಡುತ್ತಾರೆ, ಕೇಳಿದರೆ ಸಾಕು ಎನ್ನುತ್ತಾರೆ. "ಕಡಲ್ ಇಲ್ದೇ ಅವ್ರಿಗ್ ಆತಿಲ್ಲೆ ಕಾಣಿ," ಎಂದು ರಾಘಣ್ಣ ಹೇಳುವಾಗ ಆ ದೊಡ್ಡ ಮನುಷ್ಯನ ಕಣ್ಣು ತುಂಬಿತ್ತು. ಅಂಥವರಿಗೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಮುಂದಿನ ವಾರ ಬೆಳಗಿನ ಗಾಡಿ ಹಿಡಿದು ಅಹಮದಾಬಾದಿಗೆ ಹೋದೆ. ಬಾಗಿಲು ತೆರೆದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ತೊಟ್ಟಿ ಇಡುವ ಜಾಗವಲ್ಲ, ಕಾವೇರಮ್ಮ. ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆ ಉಟ್ಟು, ಬರಿಗಾಲಲ್ಲಿ ದೇವರ ಕೋಣೆಯಿಂದ ಅಡುಗೆಮನೆಗೆ ನಡೆದು ಹೋಗುತ್ತಿದ್ದರು. ಅವರು ನಡೆದ ದಾರಿಯುದ್ದಕ್ಕೂ ಮೊಸಾಯಿಕ್ ನೆಲದ ಮೇಲೆ ನೀರು ತೊಟ್ಟಿಕ್ಕಿತ್ತು. ಪೂಜೆ ಮುಗಿಯುವವರೆಗೆ ಅದೇ ಅವರ ಮಡಿ, ಯಾವ ಚಳಿಯಲ್ಲೂ ತಪ್ಪಿಸಿದವರಲ್ಲ. ಉಪ್ಪುನೀರು, ಕರೆಂಟು, ಒದ್ದೆ ಮೈ, ಬರಿಗಾಲು. ಇವು ನಾಲ್ಕೂ ಒಂದೇ ಜಾಗದಲ್ಲಿ ಸೇರಬಾರದೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಇಲ್ಲಿ ನಾಲ್ಕನ್ನೂ ಒಂದೇ ಹಾಲ್‌ನಲ್ಲಿ ಕೂಡಿಸಲು ನನ್ನನ್ನೇ ಕರೆದಿದ್ದರು. ರಾಘಣ್ಣ ಮೀನಿನ ಲೆಕ್ಕ ಹಾಕಲಿ, ನಾನು ಈ ಒದ್ದೆ ಅಮ್ಮನ ಲೆಕ್ಕ ಹಾಕುತ್ತೇನೆ ಎಂದು ಆವತ್ತೇ ನಿಶ್ಚಯಿಸಿದೆ.

ಹೋಳಿಯಿಂದ ಮಳೆಗಾಲದವರೆಗೆ ನನ್ನ ಎಷ್ಟೋ ಭಾನುವಾರಗಳು ಆ ಮನೆಗೆ ಹೋದವು. ಮೊದಲ ಎಡವಟ್ಟು ನೀರಿನದು. ಸೂರತ್‌ನಲ್ಲಿ ಹೋಟೆಲು ಇಟ್ಟಿದ್ದ ಅಣ್ಣನ ಮಗನಿಗೆ ಹೇಳಿ ರಾಘಣ್ಣ ಹಾಲಿನ ಕ್ಯಾನುಗಳಲ್ಲಿ ಅಲ್ಲಿಯ ಕಡಲ ನೀರು ತರಿಸಿದರು. ಮುಚ್ಚಳ ತೆಗೆದರೆ ಒಳಗೆ ಅವರದೇ ಹೋಟೆಲಿನ ಚಹಾ ಇದ್ದಂತಿತ್ತು, ಅಷ್ಟು ಕೆಸರು. ಕಾವೇರಮ್ಮ ಇಣುಕಿ ನೋಡಿ, "ಇದ್ ಕಡಲಾ?" ಎಂದಷ್ಟೇ ಕೇಳಿ ಒಳಗೆ ಹೋದರು. ಆಮೇಲೆ ಮುಂಬಯಿಯಿಂದ ತೊಟ್ಟಿಗೆಂದೇ ಮಾಡಿದ ಉಪ್ಪು ತರಿಸಿ ನೀರಿಗೆ ಬೆರೆಸುವುದೆಂದಾಯಿತು.

ಎರಡನೆಯದು ಬಿಸಿಲು. ಅಹಮದಾಬಾದಿನ ಮೇ ತಿಂಗಳಲ್ಲಿ ಮನುಷ್ಯರೇ ಬೇಯುತ್ತಾರೆ, ಕಡಲ ಹೂವಿನ ಪಾಡೇನು? ನೀರು ತಣ್ಣಗಿಡುವ ಯಂತ್ರ ಬೇಕೇ ಬೇಕು. ಹೋಟೆಲಿನ ಹಳೆಯ ವಾಟರ್ ಕೂಲರ್ ಬಿಚ್ಚಿ ಅದರ ಸುರುಳಿಯನ್ನೇ ತೊಟ್ಟಿಯಲ್ಲಿ ಇಳಿಬಿಡೋಣ ಎಂದರು ರಾಘಣ್ಣ. ಅದು ತಾಮ್ರದ ಸುರುಳಿ. ತಾಮ್ರ ಉಪ್ಪುನೀರಿನಲ್ಲಿ ಕರಗಿದರೆ ಹವಳಕ್ಕೂ ಹೂವಿಗೂ ವಿಷ. ನಮ್ಮ ವಡೋದರಾದಲ್ಲಿ ರಾಸಾಯನಿಕ ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡುವವರು ಬಹಳ ಮಂದಿ. ಅವರು ಉಪ್ಪು, ಆಮ್ಲ ಯಾವುದಕ್ಕೂ ಜಗ್ಗದ ಟೈಟೇನಿಯಂ ಕೊಳವೆ ಬಳಸುತ್ತಾರೆ. ಪರಿಚಯದವರೊಬ್ಬರಲ್ಲಿ ಉಳಿದ ತುಂಡು ಕೇಳಿ ಪಡೆದು ಸುರುಳಿ ಮಾಡಿಸಿದೆ. ಅದನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೂತಾಗ ಎದುರಿನ ಹೆಂಗಸು ಇದು ಯಾವ ಮಿಠಾಯಿಯ ಅಚ್ಚು ಎಂದು ಕೇಳಿದ್ದಳು.

ಮಿಕ್ಕದ್ದೆಲ್ಲ ವೈರಿಂಗು. ಅದರಲ್ಲಿ ನಾನು ಯಾರ ಮಾತೂ ಕೇಳಲಿಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತದೆಂದು ತೇಗದ ಸ್ಟ್ಯಾಂಡು. ಪ್ಲಗ್ಗುಗಳೆಲ್ಲ ತೊಟ್ಟಿಯ ಕೆಳಗಲ್ಲ, ಪಕ್ಕದ ಗೋಡೆಯ ಮೇಲೆ, ನೀರಿಗಿಂತ ಎತ್ತರದಲ್ಲಿ. ಪ್ರತಿ ತಂತಿಯೂ ಒಮ್ಮೆ ಕೆಳಗೆ ಇಳಿದು ಕೊಂಕಿ ಮತ್ತೆ ಮೇಲೆ ಹೋಗಬೇಕು. ನೀರು ತಂತಿ ಹಿಡಿದು ಬಂದರೂ ಆ ಕೊಂಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಪ್ಲಗ್ಗಿಗೆ ಏರುವುದಿಲ್ಲ. ಕರೆಂಟು ಹೋದರೆ ಗಾಳಿಗುಳ್ಳೆ ಬಿಡಲು ಬ್ಯಾಟರಿಯ ಸಣ್ಣ ಪಂಪು. ತೊಟ್ಟಿಗೆಂದೇ ಮೀಟರಿನಿಂದ ಬೇರೆ ಲೈನು, ಅದನ್ನೂ ಎರಡು ಮಾಡಿದೆ. ನೀರು ತಿರುಗಿಸುವ ಪಂಪುಗಳು ಒಂದರಲ್ಲಿ, ಮೇಲಿನ ದೊಡ್ಡ ದೀಪ ಮತ್ತು ತಣ್ಣಗಿಡುವ ಯಂತ್ರ ಇನ್ನೊಂದರಲ್ಲಿ. ಒಂದು ಬಿದ್ದರೆ ಇನ್ನೊಂದು ಉಳಿಯಲಿ ಎಂದು. ಎರಡಕ್ಕೂ ಒಂದೊಂದು ಇಎಲ್‌ಸಿಬಿ.

ಇದರ ಕೆಲಸ ಸರಳ. ಹೋದ ಕರೆಂಟು ಅಷ್ಟೂ ಮರಳಿ ಬರುತ್ತಿದೆಯೇ ಎಂದು ಕಾಯುತ್ತಿರುತ್ತದೆ. ದಾರಿಯಲ್ಲಿ ಎಲ್ಲಾದರೂ ಸೋರಿ ನೆಲಕ್ಕೆ ಹೋಗುತ್ತಿದ್ದರೆ, ಆ ಸೋರಿಕೆ ಮಿತಿ ಮೀರಿದ ಕೂಡಲೇ ಟಕ್ಕೆಂದು ತಾನೇ ಬಿದ್ದುಬಿಡುತ್ತದೆ. ಸೋರಿದ್ದು ಮನುಷ್ಯನ ಮೈಯಿಂದ ಹೋಗದೆ ಸುಮ್ಮನೆ ನೆಲ ಸೇರಲಿ ಎಂದು ಹಸಿರು ತಂತಿ, ಅಂದರೆ ಅರ್ಥಿಂಗ್. ದೀಪದ ಅಲ್ಯೂಮಿನಿಯಂ ಮುಚ್ಚಿಗೆಗೂ ಯಂತ್ರಕ್ಕೂ ಆ ಹಸಿರು ತಂತಿ ಬಿಗಿದೆ. ಸೊಸೈಟಿಯ ಅರ್ಥಿಂಗ್ ಗುಂಡಿ ಹುಡುಕಿದರೆ ಅದು ಬೇವಿನ ಮರದ ಬುಡದಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಉಪ್ಪು, ಇದ್ದಲು ತುಂಬಿಸಿ ನೀರು ಸುರಿದೆ. ಕೆಳಗಿನ ಮನೆಯ ಹಂಸಾಬೇನ್ ಬಾಲ್ಕನಿಯಿಂದ ನೋಡುತ್ತಿದ್ದವರು ಮೆಲ್ಲನೆ ಕೇಳಿದರು, "ಆ ಮಾಛಲೀ ಖಾವಾ ಮಾಟೆ ಛೆ?" ಜೈನರ ಮನೆ, ತಲೆಯ ಮೇಲೆ ಮೀನು ಬರುತ್ತದೆಂದರೆ ಪಾಪ ಚಿಂತೆ ಇರುವುದಿಲ್ಲವೇ? ತಿನ್ನಲಿಕ್ಕಲ್ಲ, ಸಾಕಲಿಕ್ಕೆ ಎಂದಾಗ ಅವರ ಮುಖ ಅರಳಿತು. ಗುಂಡಿಗೆ ದಿನಾ ನೀರು ಹಾಕುವ ಕೆಲಸ ತಾವೇ ವಹಿಸಿಕೊಂಡರು.

ಕೊನೆಗೆ ಉಳಿದದ್ದು ಅಮ್ಮನ ಕಾಲು. ತೊಟ್ಟಿಯ ಮುಂದೆ ರಬ್ಬರಿನ ಚಾಪೆ ಹಾಸಿದೆ. ಕಾವೇರಮ್ಮ ಅದನ್ನು ದಾಟಿಕೊಂಡು ಆಚೆ ನಿಂತರು.

"ಅದ್ ಮಡಿಗ್ ಆತಿಲ್ಲೆ ಮಗಾ," ಎಂದರು ಸಮಾಧಾನವಾಗಿ.

"ಹಂಗಾರ ಮಣಿ ಮ್ಯಾಲೆ ನಿಂದರ್ತೀರೇನ್ರೀ ಅಮ್ಮಾರ? ಒಣಾ ಕಟಗಿ ಇದ್ರ ಭಯ ಇಲ್ಲ."

ಮಣೆಗೆ ಅವರ ಅಭ್ಯಂತರವಿರಲಿಲ್ಲ. ಹಲಸಿನ ಮಣೆಯೊಂದನ್ನು ತಂದು ತೊಟ್ಟಿಯ ಮುಂದೆ ಇಟ್ಟೆವು. ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ. ಮಡಿಯೂ ಉಳಿಯಿತು, ನನ್ನ ಜೀವವೂ ಸ್ವಲ್ಪ ತಣ್ಣಗಾಯಿತು.

ಮಳೆ ಹಿಡಿಯುವ ಹೊತ್ತಿಗೆ ಕಡಲು ಸಿದ್ಧವಾಯಿತು. ಒಂದು ಶನಿವಾರ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಎದ್ದು ಹಾಲಿಗೆ ಬಂದರೆ ತೊಟ್ಟಿಯ ದೀಪ ಹತ್ತಿತ್ತು. ಕಡಲ ಹೂವಿನ ಎಸಳುಗಳ ನಡುವೆ ಎರಡು ಕಿತ್ತಳೆ ಮೀನು ಹೊರಳಾಡುತ್ತಿದ್ದವು. ಅದರ ಮುಂದೆ ಕಾವೇರಮ್ಮನೂ, ಪಕ್ಕದಲ್ಲಿ ನೆಲದ ಮೇಲೆ ಕಾಫಿ ಲೋಟ ಹಿಡಿದ ರಾಘಣ್ಣನೂ. ಯಾವ ಮೀನು ಯಾವುದನ್ನು ಅಟ್ಟಿಸಿಕೊಂಡು ಹೋಯಿತು, ಊರಿನ ಯಾರ ಮೂಗು ಆ ಉಬ್ಬು ಮೀನಿನ ಹಾಗಿತ್ತು ಎಂದು ಇಬ್ಬರೂ ಮಾತಾಡಿಕೊಂಡು ನಗುತ್ತಿದ್ದರು. "ಮೊದ್ಲೆಲ್ಲ ಬೆಳಗಾಗುವುದರೊಳಗೆ ಹೋಟೆಲಿಗೆ ಓಡುತ್ತಿದ್ದರು. ಈಗ ಮೀನಿಗೆ ತಿಂಡಿ ಹಾಕದೆ ಹೊರಡುವುದಿಲ್ಲ," ಎಂದು ಅವರ ಹೆಂಡತಿ ನಿರ್ಮಲಾ ನನ್ನ ಕಿವಿಯಲ್ಲಿ ಹೇಳಿದರು. ಆವತ್ತು ಕಾವೇರಮ್ಮ ಹೊಟ್ಟೆ ತುಂಬ ಉಂಡದ್ದನ್ನು ನಾನೇ ಕಂಡೆ. ಇಷ್ಟು ಓಡಾಡಿದ್ದು ಸಾರ್ಥಕ ಎನಿಸಿತು.

ಆದರೆ ಮಳೆಗಾಲದ ಜೊತೆ ನನ್ನ ಕಾವಲುಗಾರ ಇಎಲ್‌ಸಿಬಿಯ ಕಾಟ ಶುರುವಾಯಿತು. ತೊಟ್ಟಿಯಿಂದ ಏಳುವ ಉಪ್ಪಿನ ಹಬೆ ದೀಪದ ಮುಚ್ಚಿಗೆಯೊಳಗೆ ಬೆಳ್ಳಗೆ ಕೂರುತ್ತದೆ, ತೇವಕ್ಕೆ ಹಸಿಯಾಗುತ್ತದೆ, ಕರೆಂಟು ಸೋರುತ್ತದೆ, ಇಎಲ್‌ಸಿಬಿ ಬೀಳುತ್ತದೆ. ಮನೆಯವರೆಲ್ಲ ಮದುವೆಗೆ ಹೋಗಿದ್ದ ಒಂದು ದಿನ ಹಾಗೆ ಬಿದ್ದು, ನೀರು ಬಿಸಿಯಾಗಿ, ಅಮ್ಮನಿಗೆ ಬಹಳ ಇಷ್ಟದ ನೀಲಿ ಮೀನು ಸತ್ತುಹೋಯಿತು. ರಾಘಣ್ಣ ಕಾರ್ಖಾನೆಗೆ ಫೋನು ಮಾಡಿದರು.

"ಅಕ್ಕಾ, ಆ ಸ್ವಿಚ್ ತೆಗ್ದ್ ಹಾಕುವಾ. ಅಮ್ಮ ಎರಡ್ ದಿನ್ದಿಂದ ಸರಿ ಉಣ್ಣಲಿಲ್ಲೆ."

"ರಾಘಣ್ಣಾರ, ಅದು ಬೀಳೋದು ತಪ್ಪಲ್ರೀ, ಅದರ ಕೆಲಸ. ಮುಚ್ಚಿಗಿ ಬಿಚ್ಚಿ ಉಪ್ಪು ಒರಸ್ರಿ, ಹೊಸಾ ರಬ್ಬರ್ ಹಾಕಸ್ರಿ. ಸ್ವಿಚ್ ಮುಟ್ಟಿದ್ರ ನಾನು ನಿಮ್ಮ ಮನೀ ಮೆಟ್ಟಲಾ ಹತ್ತಂಗಿಲ್ಲ ನೋಡ್ರಿ."

ಆಯ್ತು ಎಂದರು. ಆಮೇಲೆ ಬಹಳ ದಿನ ಫೋನು ಬರಲಿಲ್ಲ. ನೂಲ ಹುಣ್ಣಿಮೆಗೆ ಎರಡು ದಿನ ಇದೆ ಎನ್ನುವಾಗ ರಾಖಿ ಕಟ್ಟಲು ಬರುತ್ತೇನೆಂದು ನಾನೇ ಫೋನು ಮಾಡಿದೆ. ಗುಜರಾತಿಗೆ ಬಂದ ಮೇಲೆ ಕಲಿತ ಹಬ್ಬ ಅದು. ರಾಘಣ್ಣ ಖುಷಿಯಲ್ಲಿದ್ದರು. "ಬನ್ನಿ ಬನ್ನಿ. ಸ್ವಿಚ್ ಈಗ ಬೀಳುದೇ ಇಲ್ಲೆ ಅಕ್ಕಾ, ಒಂದ್ ಸಲವೂ ಬೀಳ್ಲಿಲ್ಲೆ!" ಎಂದರು. ಹೊರಗೆ ಮಳೆ ಸುರಿಯುತ್ತಿತ್ತು. ಇಷ್ಟು ತೇವದಲ್ಲಿ ಅದು ಒಮ್ಮೆಯೂ ಬೀಳುವುದಿಲ್ಲವೆಂದರೆ ನನಗೆ ಖುಷಿಯಾಗಲಿಲ್ಲ. ತುಂಟ ಮಗು ಸದ್ದಿಲ್ಲದೆ ಇದ್ದರೆ ತಾಯಿಗೆ ಆಗುವಂಥದೇ ಸಂಶಯ. ನಾನು ಬಂದು ನೋಡುವವರೆಗೆ ಅಮ್ಮ ತೊಟ್ಟಿ ಮುಟ್ಟುವುದು ಬೇಡ ಎಂದೆ. ಆಯ್ತಾಯ್ತು ಎಂದು ಇಟ್ಟರು.

ಹುಣ್ಣಿಮೆಯ ದಿನ ಮೊದಲ ಗಾಡಿಗೇ ಹೊರಟೆ. ದೇವಸ್ಥಾನದಲ್ಲಿ ಜನಿವಾರ ಬದಲಿಸಿಕೊಂಡು ಅಲ್ಲಿಂದ ಹೋಟೆಲಿಗೆ ಹೋಗಿ ಮಧ್ಯಾಹ್ನ ಬರುತ್ತೇನೆಂದು ರಾಘಣ್ಣ ಹೇಳಿದ್ದರು. ಹಬ್ಬದ ಗಿರಾಕಿಗಳೆಂದು ನಿರ್ಮಲಾ ಆಗಲೇ ಕೌಂಟರಿನಲ್ಲಿದ್ದರು. ಅತ್ತೆ ಮಡಿಯಲ್ಲಿ ಚಿಲಕ ಮುಟ್ಟುವುದಿಲ್ಲವೆಂದು ಬಾಗಿಲು ಮುಂದೆ ಮಾಡಿ ಹೋಗಿದ್ದರು. ನಾನು ಬಾಗಿಲು ತಳ್ಳಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಟಕ್ ಎಂಬ ಸದ್ದು ಕೇಳಿತು. ಕಾರ್ಖಾನೆಯಲ್ಲಿ ದಿನವಿಡೀ ಕೇಳುವ ಸದ್ದು, ತಪ್ಪುವ ಮಾತೇ ಇಲ್ಲ. ಹಾಲಿಗೆ ಓಡಿದೆ.

ತೊಟ್ಟಿಯ ದೀಪ ಆರಿತ್ತು. ಕಾವೇರಮ್ಮ ಒದ್ದೆ ಸೀರೆಯಲ್ಲಿ ಅದರ ಮುಂದೆ ನಿಂತಿದ್ದರು, ಬಲಗೈಯಲ್ಲಿ ಹಾಲಿನ ಬೆಳ್ಳಿ ಗಿಂಡಿ. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದರು. ಮಣೆಯನ್ನು ಹಬ್ಬಕ್ಕೆಂದು ತೊಳೆದು ಗೋಡೆಗೆ ಒರಗಿಸಿ ಒಣಗಲು ಇಟ್ಟಿದ್ದರು. ಅವರ ಕಾಲಡಿಯಲ್ಲಿ ಬರೀ ನೆಲ, ನೆಲದ ಮೇಲೆ ನೀರು. ಒಂದು ಕೈಯಲ್ಲಿ ದೀಪದ ಮುಚ್ಚಿಗೆ ಎತ್ತಿ ಹಿಡಿದು ಇನ್ನೊಂದರಿಂದ ಹಾಲು ಎರೆದಿದ್ದರು. ಅವರ ಊರಿನಲ್ಲಿ ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆಯುತ್ತಾರೆ. ಮೀನು ಹಿಡಿಯುವ ಮೊಗವೀರರ ಜೊತೆ ದಂಡೆಗೆ ಹೋಗಿ ಆ ಪೂಜೆ ಮಾಡಿಸುತ್ತಿದ್ದವರು ಅವರ ಯಜಮಾನರೇ. ಮನೆಯಲ್ಲಿ ಕಡಲಿಟ್ಟುಕೊಂಡು ಆ ದಿನ ಹಾಲೆರೆಯದೆ ಇರುವುದು ಅವರಿಂದ ಹೇಗಾದೀತು?

"ದೀಪ ಹೋಯ್ತ್ ಸುಧಾ," ಎಂದರು.

ನಾನು ಮಡಿಗಿಡಿ ನೋಡದೆ ಅವರ ಎರಡೂ ತೋಳು ಹಿಡಿದು ಎಳೆದು ಕುರ್ಚಿಯ ಮೇಲೆ ಕೂರಿಸಿದೆ. ನಾಡಿ ನೋಡಿದೆ, ಕಣ್ಣು ನೋಡಿದೆ, ಕೈ ಮಡಿಸಿ ಬಿಡಿಸಿ ನೋಡಿದೆ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು, "ಅಯ್ಯೊ, ನನ್ ಮಡಿ ಹೋಯ್ತ್ ಅಂದ್ ನೀ ಮರ್‍ಕುದಾ?" ಎಂದು ಅವರೇ ನಕ್ಕರು. ಕೆಳಗಿನ ಹಂಸಾಬೇನ್‌ರನ್ನು ಕೂಗಿ ಅವರ ಮನೆಯ ವೈದ್ಯರನ್ನು ಕರೆಸಿದೆ. ಅವರು ಬಂದು ಎದೆ ಪರೀಕ್ಷಿಸಿ, ಗಾಬರಿಯೇನಿಲ್ಲ, ಆದರೆ ಒಂದು ದಿನ ಕಣ್ಣಿಟ್ಟಿರಿ ಎಂದು ಹೇಳಿ ಹೋದರು.

ಆಮೇಲೆ ತೊಟ್ಟಿಯ ಎಲ್ಲ ಲೈನು ಆರಿಸಿದೆ. ಬಕೆಟ್ಟಿನಲ್ಲಿ ಉಳಿಸಿಟ್ಟ ಉಪ್ಪುನೀರಿತ್ತು. ಹಾಲಿನ ಮೋಡದೊಳಗಿಂದ ಮೀನುಗಳನ್ನೆಲ್ಲ ಹಿಡಿದು ಅದಕ್ಕೆ ಬಿಟ್ಟು ಬ್ಯಾಟರಿ ಪಂಪು ಹಾಕಿದೆ. ಅವು ಬದುಕಿದವು. ಕಡಲ ಹೂ ಮಾತ್ರ ಮುದುಡಿದ್ದು ಮತ್ತೆ ಅರಳಲಿಲ್ಲ. ಮುಚ್ಚಿಗೆ ಬಿಚ್ಚಿ ನೋಡಿದೆ. ಹಸಿರು ತಂತಿಯನ್ನು ಯಾರೋ ಕತ್ತರಿಸಿ, ತುದಿಗೆ ಅಂದವಾಗಿ ಟೇಪು ಸುತ್ತಿ, ಒಳಗೆ ಮಡಚಿ ಇಟ್ಟಿದ್ದರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಆ ತಂತಿ ಇದ್ದಾಗ ಸೋರಿದ ಕರೆಂಟು ಅದರಲ್ಲಿ ಹರಿದು ಸ್ವಿಚ್ಚು ಬೀಳುತ್ತಿತ್ತು. ತಂತಿ ಹೋದ ಮೇಲೆ ಕರೆಂಟಿಗೆ ದಾರಿಯಿಲ್ಲ, ಸ್ವಿಚ್ಚು ಬೀಳುವುದಿಲ್ಲ. ಯಾರಾದರೂ ಬಂದು ಮುಟ್ಟುವವರೆಗೆ.

"ಅಮ್ಮಾರ, ಖರೇ ಹೇಳ್ರಿ. ಇದಕ್ಕೂ ಮೊದಲ ಯಾವಾಗರ ಕೈಗೆ ಏನರ ಆಗಿತ್ತೇನ್ರೀ?"

"ಸಣ್ಣಕೆ ಜುಮ್ ಅಂತಿತ್ತ್. ದಿನಾ ಅಂತಿತ್ತ್. ಇವತ್ ಸಮಾ ಹೊಡೀತ್," ಎಂದರು. ಹಾಗಿದ್ದರೆ ಹೇಳಲಿಲ್ಲವೇಕೆ ಎಂದೆ. ಸೆರಗಿನ ತುದಿ ಹಿಂಡುತ್ತ ಕೂತರು. ದಿನಾ, ಸೀರೆಯ ನೀರಿಗೆ ಒದ್ದೆಯಾದ ಆ ಮಣೆಯ ಮೇಲೆ ನಿಂತು, ಮುಚ್ಚಿಗೆ ಎತ್ತಿ ಕಡಲ ಹೂವಿಗೆ ಬೆರಳು ತಾಗಿಸುವಾಗ, ಜುಮ್ಮೆನ್ನುವುದನ್ನು ಸಹಿಸಿಕೊಂಡಿದ್ದಾರೆ. ನನಗೆ ಕೋಪ ಬಂತು.

ಮಧ್ಯಾಹ್ನ ರಾಘಣ್ಣ ಬಂದರು. ಅಂಗಿಯ ಕುತ್ತಿಗೆಯಲ್ಲಿ ಹೊಸ ಜನಿವಾರ ಹಳದಿಯಾಗಿ ಕಾಣುತ್ತಿತ್ತು. ರಾಖಿಗೆ ಕೈ ಮುಂದೆ ಮಾಡಿಕೊಂಡೇ ಒಳಗೆ ಬಂದವರು ಕತ್ತಲಾದ ತೊಟ್ಟಿಯನ್ನೂ ನನ್ನ ಕೈಯಲ್ಲಿದ್ದ ತಂತಿಯ ತುಂಡನ್ನೂ ನೋಡಿ ಅಲ್ಲೇ ನಿಂತರು. ನಡೆದದ್ದನ್ನು ಹೇಳಿದೆ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ, ಬಂದಿದ್ದರೂ ಹೇಳುತ್ತಿರಲಿಲ್ಲ.

"ಯಾರು ಕತ್ತರಿಸಿದ್ರು ರಾಘಣ್ಣಾರ ಇದನ್ನ?"

"ನಾನೇ," ಎಂದರು. "ಸ್ವಿಚ್ ಮುಟ್ಬೇಡಿ ಅಂದ್ರಿ, ಮುಟ್ಲಿಲ್ಲೆ. ಆ ತಂತಿ ತೆಗ್ದ್ರೆ ಬೀಳುದಿಲ್ಲೆ ಅಂದ್ ಯಾರೋ ಹೇಳಿದ್ರ್. ಮೀನ್ ಸತ್ರೆ ಅಮ್ಮ ಉಣ್ಣುದಿಲ್ಲೆ, ಅದಕ್ಕೆ..." ತಾಯಿಯ ಕಾಲ ಬಳಿ ಕುಸಿದು ಕೂತು, ಅವರ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಂಗೈ ತಿರುಗಿಸಿ ತಿರುಗಿಸಿ ನೋಡಿದರು. ದಿನಾ ನೂರಾರು ಮಂದಿಗೆ ಊಟ ಹಾಕುವ ಮನುಷ್ಯ ಮಗುವಿನ ಹಾಗೆ ಅತ್ತರು. ನನಗೆ ಬೈಯಲು ಇನ್ನೂ ಬಹಳ ಉಳಿದಿತ್ತು, ಬೈಯಲಿಲ್ಲ.

"ಇವತ್ತೇ ಇದನ್ನ ತೆಗ್ಸ್ತೆ ಅಮ್ಮ," ಎಂದರು ಕಣ್ಣೊರೆಸಿಕೊಂಡು. "ನಿಂಗೆ ಕಡಲ್ ಬೇಕ್ ಅಂದ್ ಮಾಡ್ಸದ್ದ್. ನಿನ್ ಜೀವಕ್ಕೇ ಬಂತ್. ದಿನಾ ಜುಮ್ ಅಂದ್ರೂ ಬಾಯ್ ಬಿಡ್ಲಿಲ್ಯಲೆ ನೀನು."

ಕಾವೇರಮ್ಮ ಮಗನ ತಲೆಯ ಮೇಲೆ ಕೈಯಿಟ್ಟರು.

"ಕಡಲ್ ಬೇಕ್ ಅಂದ್ ನಾನ್ ಯಾವಾಗ ಹೇಳಿದ್ದೆ ಮಗಾ?" ಎಂದರು. "ಐವತ್ತ್ ವರ್ಷ ಕಂಡಾಯ್ತ್ ಅದನ್ನ. ಇಲ್ಲಿಗ್ ಬಂದ್ ಒಂದ್ ವರ್ಷ ನಿನ್ ಮುಖ ಸಮಾ ಕಂಡದ್ದಿಲ್ಲೆ. ನಾ ಏಳುವತ್ತಿಗೆ ನೀ ಹೋಟ್ಲಂಗೆ, ನೀ ಬಪ್ಪತ್ತಿಗೆ ನಾ ಮಲ್ಕಂಡಿರ್ತಿದ್ದೆ. ಈ ಮೀನ್ ಬಂದ್ ಮೇಲೆ ದಿನಾ ಬೆಳಿಗ್ಗೆ ನನ್ ಹತ್ರ ಕೂಕಂತಿದ್ದೆ. ಜುಮ್ ಅಂತ್ ಅಂದ್ ಹೇಳ್ರೆ ನೀ ಇದನ್ನ ತೆಗಿತೆ. ತೆಗ್ದ್ ಮೇಲೆ ಎಂತಕೆ ಕೂಕಂತೆ?"

ನಾನು ಅಡುಗೆಮನೆಗೆ ಹೋಗಿ ಕುಡಿಯುವ ನೀರಿನ ಕೊಡದ ಮುಂದೆ ನಿಂತೆ. ಲೋಟ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಾನೇ ಬಂದು ಎತ್ತಿದೆ. ಹೋಟೆಲಿನಿಂದ ನಿರ್ಮಲಾ. ಹಬ್ಬದ ಜನ ಮೆಟ್ಟಿಲವರೆಗೆ ನಿಂತಿದ್ದಾರೆ, ಸಾಂಬಾರು ಮುಗಿಯುತ್ತಿದೆ, ಅವರನ್ನು ಬೇಗ ಕಳಿಸಿ ಎಂದರು. ಅಮ್ಮನಿಗೆ ಹೀಗಾಯಿತು, ಈಗ ಆರಾಮಿದ್ದಾರೆ ಎಂದು ಅವರಿಗೆ ತಿಳಿಸಿ, ರಾಘಣ್ಣನ ಕಡೆ ಫೋನು ಚಾಚಿದೆ. ಅವರು ಕೂತಲ್ಲಿಂದಲೇ ತೆಗೆದುಕೊಂಡರು, ಇನ್ನೊಂದು ಕೈ ತಾಯ ಅಂಗೈಯಲ್ಲೇ ಇತ್ತು.

"ಮುಗುದ್ರೆ ಮುಗಿಲಿ," ಎಂದರು. "ಬಾಗ್ಲ್ ಹಾಕಿ ನೀನೂ ಮನಿಗ್ ಬಾ. ಇವತ್ ನಾನ್ ಬತ್ತಿಲ್ಲೆ, ಅಮ್ಮನ ಹತ್ರ ಕೂಕಂಡಿದ್ದೆ."